ಕಂತಿನ ಚಕ್ರವರ್ತಿ

ಕನ್ನಡಕದ ಅಂಗಡಿ ನಡೆಸುವ ತಮ್ಮನ ಆಟ ನೋಡಿದರೆ, ಅದೇ ಅಂಗಡಿಯಲ್ಲಿ ಗಾಜು ಒರೆಸುತ್ತ ಕೂರುವ ಅಕ್ಕನಿಗೆ ಮೈಯೆಲ್ಲ ಉರಿಯುತ್ತದೆ. ಬೇರೆಯವರು ಕಣ್ಣಿನ ಪರೀಕ್ಷೆಗೆ ಅಕ್ಷರದ ಹಲಗೆ ತೋರಿಸಿದರೆ, ಈ ಮಹಾಶಯ ಗಿರಾಕಿಯ ಮೂಗಿಗೆ ಕನ್ನಡಕ ಏರಿಸಿ, ತಾನು ಪ್ರತಿ ಗುರುವಾರ ಅಂತರ್ಜಾಲದಲ್ಲಿ ಹಾಕುವ ಕಾದಂಬರಿಯ ಕಂತನ್ನೇ ಮೊಬೈಲಿನಲ್ಲಿ ಹಿಡಿಯುತ್ತಾನೆ. “ಹೇಗಿದೆ?” “ಸ್ವಲ್ಪ ಮಸುಕು ಸಾರ್.” “ಅಕ್ಷರದ ಮಾತು ಬಿಡಿ, ನಾಯಕಿ ಹೇಗಿದ್ದಾಳೆ?” ಚೆನ್ನಾಗಿದ್ದಾಳೆ ಎಂದವರ ಕನ್ನಡಕ ಅಂದೇ ಸಿದ್ಧ, ಆಕಳಿಸಿದವರದ್ದು ಮುಂದಿನ ವಾರ. ಆ ನಾಯಕಿಯ ಮದುವೆ ನಲವತ್ತನೇ ಕಂತಿಗೇ ಆಗಿಹೋಗಬೇಕಿತ್ತು. ನಮ್ಮ ಕಂತಿನ ಚಕ್ರವರ್ತಿಗಳು ಮದುವೆಮನೆಗೆ ಬೆಂಕಿ ಹಚ್ಚಿದರು, ವರನಿಗೆ ಮರೆವು ತಂದರು, ಸತ್ತ ಮಾವನನ್ನು ಎರಡೆರಡು ಸಲ ಎಬ್ಬಿಸಿ ಕೂರಿಸಿದರು. ಈಗ ತೊಂಬತ್ತೊಂದನೇ ಕಂತು. ಮೊದಲ ಕಂತು ಓದಿದವರು ಮುನ್ನೂರು ಮಂದಿ, ಈಗ ಉಳಿದಿರುವುದು ಒಬ್ಬರೇ ಎಂದು ಪುಟದ ಕೆಳಗಿನ ಲೆಕ್ಕವೇ ಸಾರುತ್ತದೆ. ಮೊನ್ನೆ ಅಕ್ಕನ ತಾಳ್ಮೆ ಕೆಟ್ಟಿತು. “ಆ ಹುಡುಗಿಗೆ ಮದುವೆ ಮಾಡ್ಸಿ ಪುಣ್ಯ ಕಟ್ಕೊಳ್ಳೋ ಮಾರಾಯ! ಯಾರಿಗೋಸ್ಕರ ಎಳೀತಿದ್ದೀಯ?” ತಮ್ಮ ಅಂದು ಮಾತ್ರ ಜಂಬ ಬಿಟ್ಟು ತಲೆ ತಗ್ಗಿಸಿದ. “ಅಕ್ಕಾ, ಆ ಒಬ್ಬರು ಯಾರೋ ನಂಗೂ ಗೊತ್ತಿಲ್ಲ. ಕಂತು ಹಾಕಿ ಐದು ನಿಮಿಷ ಆಗಿರಲ್ಲ, ಓದಿರ್ತಾರೆ. ಕೆಳಗೆ ಪ್ರತಿ ಸಲ ಒಂದೇ ಮಾತು ಬರೀತಾರೆ, ‘ಆಮೇಲೆ?’ ಅಂತ. ಅವರಿಗೆ ‘ಇಷ್ಟೇ, ಮುಗೀತು’ ಅಂತ ಯಾವ ಬಾಯಲ್ಲಿ ಹೇಳ್ಲಿ?”