ಎಡಗಾಲಿನ ಎರಡು ಒದೆ

ಅಬ್ಬಿಗೇರಿಯ ಒಂದು ಮನೆಯ ಪಡಸಾಲೆಯಲ್ಲಿ ಬೀಸುಕಲ್ಲು ಎತ್ತುವಾಗ ನನ್ನ ಸೊಂಟ ಹಿಡಿಯಿತು.

ಹಿಡಿಯಿತು ಅಂದರೆ ಹಿಡಿದೇ ಬಿಟ್ಟಿತು. ಕಲ್ಲು ಕೈಬಿಟ್ಟೆ. ಬಗ್ಗಿದವನು ಬಗ್ಗಿದ ಹಾಗೆಯೇ ನಿಂತೆ. ಸವೆದ ಬೀಸುಕಲ್ಲನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುವುದು ನನ್ನ ಕೆಲಸ. ಅಂಥ ನೂರಾರು ಕಲ್ಲು ಎತ್ತಿದ್ದೇನೆ, ಇಳಿಸಿದ್ದೇನೆ. ಅವತ್ತು ಮಾತ್ರ ಉಸಿರು ಎಳೆದುಕೊಂಡರೂ ಬೆನ್ನಿಗೆ ಉಳಿ ಇಟ್ಟು ಹೊಡೆದಂತಾಗುತ್ತಿತ್ತು.

ಮನೆಯ ಮುದುಕಿ ನಕ್ಕಳು. "ತಿಪ್ಪಣ್ಣಾ, ಊರ ಮಂದಿ ಸೊಂಟ ನೀ ಬಿಡಸ್ತಿ. ನಿನ್ನ ಸೊಂಟ ಯಾರ ಬಿಡಸಬೇಕಪಾ?"

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದೆ. ಆ ನಗೆಯಲ್ಲಿ ಪ್ರೀತಿಯೇ ಇತ್ತು. ಅದಕ್ಕೇ ನನಗೆ ಮುಖ ಎತ್ತಲಾಗಲಿಲ್ಲ.

ಹೆರಿಗೆಯಲ್ಲಿ ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮುಟ್ಟಿದರೆ ಹಿಡಿದ ಸೊಂಟ ಬಿಡುತ್ತದೆ ಎಂದು ಇಲ್ಲಿಯವರು ನಂಬುತ್ತಾರೆ. ನಮ್ಮ ದುರ್ಗದ ಕಡೆಯೂ ನಂಬುತ್ತಾರೆ. ಏಳು ವರ್ಷದಿಂದ ಭಾನುವಾರ ಹೊತ್ತು ಹುಟ್ಟುವ ಮುಂಚೆ ಜನ ಬಂದು ನನ್ನ ಹೊಸ್ತಿಲ ಮುಂದೆ ಬೋರಲು ಮಲಗುತ್ತಿದ್ದರು.

ನಾನು ಹಾಗೆ ಹುಟ್ಟಿದವನಲ್ಲ.

ಎಲ್ಲರಂತೆ ತಲೆ ಮುಂದಾಗಿಯೇ ಬಂದೆ ಅಂತ ನಮ್ಮವ್ವನೇ ಹೇಳಿದ್ದಾಳೆ. ಮೈಸೂರು ಸೀಮೆ ಬಿಟ್ಟು, ಉಳಿಯ ಚೀಲ ಹೆಗಲಿಗೆ ಹಾಕಿಕೊಂಡು ಈ ಕಡೆ ಬಂದಾಗ ಯಾರೂ ಇರಲು ಜಾಗ ಕೊಡಲಿಲ್ಲ. ಪರದೇಶಿ, ಯಾರ ಮಗನೋ ಏನೋ. ರೋಣದ ಅಗಸಿಯಲ್ಲಿ, ಊರಬಾಗಿಲ ಕೆಳಗೆ, ಮಲಗುತ್ತಿದ್ದೆ. ಒಂದು ಬೆಳಿಗ್ಗೆ ಬಾವಿಯ ಹತ್ತಿರ ಕೊಡ ಎತ್ತಲು ಹೋದ ಒಬ್ಬನ ಸೊಂಟ ಹಿಡಿಯಿತು. "ಕಾಲ ಮುಂದಾಗಿ ಹುಟ್ಟಿದವ್ರು ಈ ಊರಾಗ ಈಗ ಯಾರೂ ಇಲ್ಲಲ್ಲ" ಅಂತ ಯಾರೋ ಅಂದರು. "ನಾನಿದ್ದೀನಿ" ಅಂದೆ. ಯಾಕೆ ಅಂದೆನೋ. ಕಾಲು ಮುಟ್ಟಿಸಿದೆ, ಅವನು ಎದ್ದು ನಡೆದ. ಅಂದು ಮಧ್ಯಾಹ್ನ ಬಿಸಿ ರೊಟ್ಟಿ ಸಿಕ್ಕಿತು, ವಾರದೊಳಗೆ ಇರಲು ಮನೆ ಸಿಕ್ಕಿತು.

ಬಂದವರಲ್ಲಿ ಬಹಳ ಜನಕ್ಕೆ ವಾಸಿಯಾಗುತ್ತಿತ್ತು. ಸುಮ್ಮನೆ ಮಲಗಿದ್ದರೂ ನಾಲ್ಕು ದಿನದಲ್ಲಿ ಆಗುತ್ತಿತ್ತೇನೋ. ಆಗದೆ ಹೋದವನು ಒಬ್ಬ, ನಾಲ್ಕು ಮನೆ ಆಚೆಯ ಇಮಾಮಸಾಬ. ಹತ್ತಿ ಹಿಂಜುವವನು. ಎರಡು ವರ್ಷದ ಹಿಂದೆ ಬಂದಿದ್ದ, ಗುಣ ಕಾಣಲಿಲ್ಲ. ಮುಂದಿನ ವಾರ ಮತ್ತೆ ಬಂದ. ಹೊರಗೆ ಜನ ನೋಡುತ್ತಿದ್ದರು, ನನ್ನ ಹೆಸರಿನ ಪ್ರಶ್ನೆ. ಆವತ್ತು ಮುಟ್ಟಿಸಲಿಲ್ಲ, ಒದ್ದೆ. ಬಲವಾಗಿ, ಎರಡು ಸಲ.

ಅವನು ಬೆವರುತ್ತ ಎದ್ದು, "ಆರಾಮ ಆತ್ರಿ ತಿಪ್ಪಣ್ಣಾರ" ಅಂದ. ಮರ್ಯಾದೆಗೆ ಅಂದದ್ದು. ಆಮೇಲೆ ಅವನು ಬೆನ್ನು ನೆಟ್ಟಗೆ ಮಾಡಿದ್ದನ್ನು ನಾನು ನೋಡಿಲ್ಲ. ಹಿಂಜುವ ಬಿಲ್ಲಿನ ಮುಂದೆ ಬಗ್ಗಿಯೇ ಕೂಡುತ್ತಿದ್ದ, ಬಗ್ಗಿಯೇ ನಡೆಯುತ್ತಿದ್ದ. "ನನ್ನ ಹಣೇಬರಾ" ಅನ್ನುತ್ತಿದ್ದ. ನನ್ನ ಮೇಲೆ ಒಂದು ಮಾತು ಆಡಲಿಲ್ಲ.

ಈಗ ಅಬ್ಬಿಗೇರಿಯವರು ನನ್ನನ್ನು ರೋಣಕ್ಕೆ, ಮನೆಗೆ ತಂದು ಬಿಟ್ಟಾಗ ಮೊದಲು ಓಡಿ ಬಂದವನೂ ಅವನೇ. ಹೊಸ ಹತ್ತಿ ಹಿಂಜಿ ದಪ್ಪ ಗಾದಿ ಮಾಡಿ ತಂದು ಹಾಸಿದ. ಅವನ ಹೆಂಡತಿ ಮಾಬೂಬಿ ಎಕ್ಕೆ ಎಲೆಗೆ ಹರಳೆಣ್ಣೆ ಸವರಿ, ಕಾಯಿಸಿ, ಗಂಡನ ಕೈಲಿ ಕಳಿಸುತ್ತಿದ್ದಳು. ಗುಣ ಬರಲಿಲ್ಲ. ಎಡಗಾಲು ಜೋಮು ಹಿಡಿಯಿತು. ಹೆಬ್ಬೆರಳು ನನ್ನದಲ್ಲ ಅನ್ನಿಸತೊಡಗಿತು. ಪರಸ್ಥಳದಲ್ಲಿ ಕಾಲಿಲ್ಲದ ಕಲ್ಲುಕುಟಿಗನನ್ನು ಯಾರು ಸಾಕುತ್ತಾರೆ?

ನರಗುಂದದಲ್ಲಿ ಒಬ್ಬ ಬರೆ ಹಾಕುತ್ತಾನೆಂದರು. ಇಮಾಮಸಾಬನೇ ಚಕ್ಕಡಿ ಹೂಡಿದ. ಗುಡ್ಡದ ಕೆಳಗಿನ ಓಣಿಯಲ್ಲಿ ಆ ಮನುಷ್ಯ ಕಬ್ಬಿಣ ಕಾಯಿಸುತ್ತ, "ನನ್ನ ಕೈಗುಣ ನೋಡು, ನಾಳೆ ಓಡ್ತಿ" ಅಂದ. ಭಾನುವಾರ ನಾನು ಆಡುತ್ತಿದ್ದ ಮಾತು ಅದೇ, ದನಿಯೂ ಅದೇ. ಗೊತ್ತಿದ್ದೂ ಬೆನ್ನು ಕೊಟ್ಟೆ. ಚರ್ಮ ಸುಟ್ಟಿತು, ನೋವು ಹಾಗೇ ಉಳಿಯಿತು.

ಶಿರೋಳದಲ್ಲಿ ಕಾಲು ಮುಂದಾಗಿ ಹುಟ್ಟಿದ ಒಬ್ಬರಿದ್ದಾರೆ, ಹೋಗೋಣ ಅಂದ ಇಮಾಮಸಾಬ. ಒಲ್ಲೆ ಅಂದೆ. "ಯಾಕ್ರಿ?" ಅಂದ. ಎಲ್ಲರ ಮೇಲೂ ನನಗೆ ಸಂಶಯ. ಔಷಧ ಕೊಡುವ ಪ್ರತಿಯೊಬ್ಬನೂ ನನ್ನಂಥವನೇ ಆಗಿದ್ದರೆ ಅಂತ ಭಯ. ನರಗುಂದದಲ್ಲೊಂದು ದರಬಾರು, ನಮ್ಮ ರೋಣದಲ್ಲಿ ಕುಂಪಣಿ ಸರಕಾರ, ಗಜೇಂದ್ರಗಡದಲ್ಲಿ ಇನ್ನೊಂದು ದರಬಾರು. ಆಳುವವರು ಯಾರಾದರೇನು, ನನ್ನ ಬೆನ್ನಿಗೆ ಮೂರೂ ಒಂದೇ.

ಕೊನೆಗೆ ಗಜೇಂದ್ರಗಡದ ಗರಡಿಮನೆಯಲ್ಲಿ ಕುಸ್ತಿ ಕಲಿಸುವ, ಉಳುಕು ತೆಗೆಯುವ ಮುದುಕ ಫಕೀರಪ್ಪ ವಸ್ತಾದನ ಹತ್ತಿರ ಹೋದೆವು. ಅವನು ಬೆನ್ನುಮೂಳೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿದ, ಕಾಲು ಎತ್ತಿಸಿದ, ಏನೇನು ಮಾಡಿಸಿಕೊಂಡೆ ಅಂತ ಒಂದೊಂದೇ ಕೇಳಿದ.

"ಯಾವಾಗ ಆರಾಮ ಆಗ್ತದ್ರಿ?" ಅಂದ ಇಮಾಮಸಾಬ.

"ಅದು ನನಗ ಗೊತ್ತಿಲ್ಲ. ನಲವತ್ತ ದಿನ ಹಲಗಿ ಮ್ಯಾಲ ಮಲಗಸ್ರಿ. ಜೋಮು ಇಳದ್ರ ನಡೀತಾನ. ಇಳೀಲಿಲ್ಲಂದ್ರ ಅದು ನನ್ನ ಕೈಯಾಗ ಆಗೂದಲ್ಲ."

ಗೊತ್ತಿಲ್ಲ ಅಂದವನು ಅವನೊಬ್ಬನೇ. ಅವನನ್ನು ನಂಬಿದೆ.

ಹೊರಡುವಾಗ ವಸ್ತಾದನ ಕಣ್ಣು ಇಮಾಮಸಾಬನ ಬೆನ್ನಿಗೆ ಬಿತ್ತು. ಕರೆದು ಕೂರಿಸಿ, ಅಂಗಿ ಎತ್ತಿ, ಬಹಳ ಹೊತ್ತು ಮುಟ್ಟಿ ನೋಡಿದ.

"ಇದನ್ನ ಯಾರ ಒದ್ದಾರ?"

ಇಮಾಮಸಾಬ ನನ್ನ ಕಡೆ ತಿರುಗಲಿಲ್ಲ. "ಯಾರೂ ಒದ್ದಿಲ್ರಿ. ಚಕ್ಕಡಿ ಮ್ಯಾಲಿಂದ ಬಿದ್ದಿದ್ನಿ" ಅಂದ.

"ಬಿದ್ದಿದ್ರ ಉಪಾಯ ಬ್ಯಾರೆ" ಅನ್ನುತ್ತ ವಸ್ತಾದ ಒಂದು ಎಣ್ಣೆ ಕೊಟ್ಟು, ದಿನಾ ತೊಲೆಗೆ ಜೋತು ಬಿದ್ದು ಬೆನ್ನು ಎಳೆಯಬೇಕು ಅಂತ ತೋರಿಸಿದ. ನಾನು ಬಾಯಿ ಮುಚ್ಚಿಕೊಂಡು ಗಾದಿಯ ಮೇಲೆ ಬಿದ್ದಿದ್ದೆ.

ರೋಣ ಇನ್ನೂ ಎರಡು ಹರದಾರಿ ಇತ್ತು. ಎರೆ ಹೊಲದ ನಡುವೆ ಚಕ್ಕಡಿ ಕುಲುಕುತ್ತಿತ್ತು. ಪ್ರತಿ ಕುಲುಕಿಗೂ ಮುಂದೆ ಕೂತವನ ಬಗ್ಗಿದ ಬೆನ್ನು ನಡುಗುವುದು ನನಗೆ ಕಾಣುತ್ತಿತ್ತು. ನಾಳೆ ಇವನು ತೊಲೆಗೆ ಜೋತು ಬೀಳುತ್ತಾನೆ, ಸುಳ್ಳು ರೋಗಕ್ಕೆ ಮದ್ದು ಮಾಡಿಕೊಳ್ಳುತ್ತಾನೆ, ಅಂದುಕೊಂಡೆ.

"ಇಮಾಮಣ್ಣ, ವಸ್ತಾದನಿಗೆ ಯಾಕೆ ಹಾಗಂದೆ?"

"ನಿಮ್ಮ ಕಾಲಿಗೆ ಕೆಟ್ಟ ಹೆಸರ ಬರಬಾರದ್ರಿ. ದೇವರ ಕೊಟ್ಟಿದ್ದು."

"ದೇವರು ಕೊಟ್ಟಿಲ್ಲ. ನಾನು ಹಾಗೆ ಹುಟ್ಟಿದವನಲ್ಲ. ಊರಲ್ಲಿ ಜಾಗ ಸಿಗಲಿ ಅಂತ ಸುಳ್ಳು ಹೇಳಿದೆ."

ಎತ್ತುಗಳು ನಿಂತವು. ಅವನೇ ನಿಲ್ಲಿಸಿದ್ದ. ನನ್ನನ್ನು ಅಲ್ಲೇ ಹೊಲದಲ್ಲಿ ಇಳಿಸಿ ಹೋದರೂ ಸರಿ ಅಂತ ಕಾದೆ. ಅವನು ಕೆಳಗಿಳಿದು, ಎತ್ತಿನ ಹಗ್ಗ ಹಿಡಿದು, ಚಕ್ಕಡಿಯನ್ನು ಬಂದ ದಾರಿಗೇ ತಿರುಗಿಸಿದ.

"ನೀನ ಹೇಳು ಅವಗ" ಅಂದ.

ಏಳು ವರ್ಷದಲ್ಲಿ ಮೊದಲ ಸಲ ನನಗೆ 'ನೀ' ಅಂದದ್ದು.

ಗರಡಿಮನೆಯಲ್ಲಿ ಹುಡುಗರು ಕಸರತ್ತು ನಿಲ್ಲಿಸಿ ನೋಡುತ್ತಿದ್ದರು. ಅವರ ಮುಂದೆಯೇ ಹೇಳಿದೆ. ಎಡಗಾಲು, ಎರಡು ಒದೆ. ಎರಡನೆಯದು ಜೋರು. ಇಮಾಮಸಾಬನ ಸೊಂಟದ ಮೇಲೆ ಬೆರಳಿಟ್ಟು, "ಇಲ್ಲಿ" ಅಂದೆ. ವಸ್ತಾದ ಬೈಯಲಿಲ್ಲ. ಕೊಟ್ಟ ಎಣ್ಣೆ ವಾಪಸು ಇಸಿದುಕೊಂಡು ಇಮಾಮಸಾಬನಿಗೆ ಹೇಳಿದ: "ತೊಲಿಗೆ ಜೋತ ಬಿದ್ದಿದ್ರ ಇದ್ದ ಬೆನ್ನೂ ಹೋಗ್ತಿತ್ತು. ನೀನೂ ನಲವತ್ತ ದಿನ ಹಲಗಿ ಮ್ಯಾಲ ಮಲಗು. ಪೂರಾ ನೆಟ್ಟಗ ಆಗೂದಿಲ್ಲ. ನೋವಾದ್ರೂ ಇಳೀತದ."

ಹಿಂಜುವ ಹತ್ತಿ ಮನೆ ತುಂಬ ಬಿದ್ದಿತ್ತು, ಇಮಾಮಸಾಬ ಕೂಡಲೆ ಮಲಗುವಂತಿರಲಿಲ್ಲ. ಹೀಗಾಗಿ ನಾನು ಮೊದಲು. ಮಾಬೂಬಿ ತಮ್ಮ ಹಿತ್ತಲ ಬಾಗಿಲನ್ನೇ ಕಳಚಿಸಿ, ಮಲಗುವ ಹಲಗೆಯಾಗಿ ನನ್ನ ಮನೆಯಲ್ಲಿ ಹಾಕಿಸಿದಳು. ಇಮಾಮಸಾಬ ಬರುವುದು ನಿಂತಿತು. ರೊಟ್ಟಿ ಅವಳೇ ತರುತ್ತಿದ್ದಳು. ಆಕೆಗೆ ವಿಷಯ ಗೊತ್ತೋ ಇಲ್ಲವೋ ತಿಳಿಯದೆ ಒದ್ದಾಡಿದೆ. ನಾಲ್ಕನೆಯ ದಿನ ರೊಟ್ಟಿ ಇಟ್ಟು ಬಾಗಿಲಲ್ಲಿ ನಿಂತಳು.

"ಎರಡ ವರ್ಷ ಆತು, ನನ್ನ ಗಂಡ ಮಗ್ಗಲಾ ಬದಲಸಬೇಕಂದ್ರ ನನ್ನ ಕರೀತಾನ. ನೀ ನಲವತ್ತ ದಿನ ಮಲಗು. ತಿಳೀಲಿ."

ತಿಳಿಯಿತು.

ಭಾನುವಾರ ಬಂದವರಿಗೆಲ್ಲ ಮಲಗಿದಲ್ಲಿಂದಲೇ ನಿಜ ಹೇಳಿ ಕಳಿಸಿದೆ. ಕೆಲವರು ನಂಬಲಿಲ್ಲ, ಜ್ವರ ನೆತ್ತಿಗೇರಿದೆ ಅಂದರು. ಬಾವಿಯ ಹತ್ತಿರ ಎದ್ದು ನಡೆದಿದ್ದ ಆ ಮನುಷ್ಯ ಮಾತ್ರ ಬಂದು, ನನ್ನ ಮುಖ ನೋಡಿ, ತಿರುಗಿ ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಮೂವತ್ತು ದಿನಕ್ಕೆ ಹೆಬ್ಬೆರಳು ಅಲುಗಿತು. ನಲವತ್ತು ಕಳೆದ ಮೇಲೆ ಗೋಡೆ ಹಿಡಿದು ಎದ್ದೆ. ಈಗ ನಡೆಯುತ್ತೇನೆ, ಎಡಕ್ಕೆ ಸ್ವಲ್ಪ ವಾಲಿ. ಬೀಸುಕಲ್ಲು ಎತ್ತುವುದಿಲ್ಲ, ಮನೆಯವರೇ ಎತ್ತಿ ಕೊಟ್ಟರೆ ಕೂತು ಕುಟ್ಟುತ್ತೇನೆ. ಕರೆಯುವವರು ಕಡಿಮೆಯಾಗಿದ್ದಾರೆ, ಆದರೂ ಕರೆಯುತ್ತಾರೆ.

ಆ ಬಾಗಿಲು ಈಗ ಇಮಾಮಸಾಬನ ಪಡಸಾಲೆಯಲ್ಲಿದೆ, ಅವನು ಅದರ ಮೇಲಿದ್ದಾನೆ. ಇವತ್ತಿಗೆ ಹನ್ನೊಂದು ದಿನ. ಮಾಬೂಬಿ ಹೊಲಕ್ಕೆ ಹೋದ ಹೊತ್ತಿನಲ್ಲಿ ಅವನ ಮಗ್ಗಲು ಬದಲಿಸುವುದು ನನ್ನ ಪಾಲಿಗೆ ಬಂದಿದೆ. ಮೊದಲ ದಿನ ನನ್ನ ಕೈ ತಾಗಿದಾಗ ಅವನ ಮೈ ಬಿಗಿಯಾಯಿತು. ನಿನ್ನೆ ಆಗಲಿಲ್ಲ.

'ತಿಪ್ಪಣ್ಣಾರ' ಅಂತ ಅವನು ಮತ್ತೆ ಕರೆದಿಲ್ಲ. ಇವತ್ತು ಬಾಗಿಲಲ್ಲಿ ನನ್ನನ್ನು ಕಂಡು, "ಬಂದಿ? ಕೂಡು" ಅಂದ.

ಕೂತೆ.