ನೀಲತ್ತಿ ಕಲಿತ ಫ್ರೆಂಚು

ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ನನಗೆ ಆಗುವುದಿಲ್ಲ. ಊರಿಗೆ ಊರೇ ಆ ಹಣ್ಣನ್ನು ಕೊಂಡಾಡುತ್ತದೆ, ಬೀಗರ ಮನೆಗೆ ಹೊರಟವರು ಅದನ್ನು ಹಿಡಿದೇ ಹೊರಡುತ್ತಾರೆ. ನಾನು ಮಾತ್ರ ಆ ಸಿಹಿ ಘಾಟು ಮೂಗಿಗೆ ಬಡಿದರೆ ಎದ್ದು ಹಿತ್ತಲಿಗೆ ಹೋಗುತ್ತೇನೆ. ಮೊನ್ನೆ ನನ್ನ ಸೊಸೆ ಒಂದು ಚಿಪ್ಪು ತಂದು ದೇವರ ಮುಂದೆ ಇಟ್ಟಳು. ಸಂಜೆಯ ಹೊತ್ತಿಗೆ ವಾಸನೆ ಮನೆ ತುಂಬಿತು, ಕಲಬುರಗಿಯ ಶಹಾಬಜಾರದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣ ಮುಂದೆ ಬಂದು ನಿಂತಿತು. ಫರಸಿ ಕಲ್ಲು ಹಾಸಿದ ತಣ್ಣನೆಯ ನೆಲ, ಕಂಬಕ್ಕೆ ಒರಗಿ ಕೂತ ನಮ್ಮಜ್ಜ ಮುತ್ಯಾ, ಅರಿವೆಯ ಗಂಟುಗಳ ಗಂಜಿ ವಾಸನೆ, ಮೂಲೆಯಲ್ಲಿ ಬೀಸುಕಲ್ಲು, ಅದರ ಮುಂದೆ ಒಂದು ಕಾಲು ಚಾಚಿ ಕೂತ ನೀಲತ್ತಿ. ಆ ಮನೆ ಬಿದ್ದು ಎಷ್ಟೋ ಕಾಲವಾಯಿತು, ಅಲ್ಲಿ ಈಗ ಯಾರದೋ ಅಂಗಡಿಗಳಿವೆ.

ನೀಲತ್ತಿ ಅಂದರೆ ನನ್ನ ಅಪ್ಪನ ಕಿರಿಯ ತಂಗಿ. ಹಲ್ಲು ಬೀಳುವ ವಯಸ್ಸಿನಲ್ಲೇ ಕಮಲಾಪುರದ ಒಕ್ಕಲುತನದ ಮನೆಗೆ ಅವಳನ್ನು ಕೊಟ್ಟಾಗಿತ್ತು. ದೊಡ್ಡವಳಾದ ಮೇಲೆ ಕರೆಸಿಕೊಳ್ಳುತ್ತೇವೆ ಎಂದು ಬೀಗರು ಹೇಳಿದ್ದರು, ಅಲ್ಲಿಯವರೆಗೆ ತವರಿನಲ್ಲೇ ಇದ್ದಳು. ಅದು ನಿಜಾಮರ ಕಾಲ. ನಮ್ಮ ಮನೆಯ ಗಂಡುಮಕ್ಕಳು ಉರ್ದು ಶಾಲೆಗೆ ಹೋಗುತ್ತಿದ್ದರು, ಹೆಣ್ಣುಮಕ್ಕಳಿಗೆ ಬೀಸುಕಲ್ಲೇ ಶಾಲೆ. ಕಲಬುರಗಿಯ ಗಿರಣಿಗೆ ಯಂತ್ರ ಕೂಡಿಸಲು ಬಂದಿದ್ದ ಇಂಜಿನಿಯರನ ಹೆಂಡತಿ ಫ್ರಾನ್ಸಿನವಳು. ಮುತ್ಯಾನ ಅಂಗಡಿಗೆ ಸೀರೆ ನೋಡಲು ಬಂದವಳು ನೀಲತ್ತಿಯ ಕಸೂತಿಗೆ ಮರುಳಾಗಿ ಮನೆಗೇ ಬರತೊಡಗಿದಳು. ನಾವೆಲ್ಲ ಅವಳನ್ನು ಮೇಡಮ್ಮ ಅನ್ನುತ್ತಿದ್ದೆವು. ಇಬ್ಬರದೂ ಹರಕುಮುರುಕು ಉರ್ದು. ಆ ಉರ್ದುವಿನಲ್ಲೇ ಇವಳು ಕಸೂತಿ ಕಲಿಸಿದಳು, ಅವಳು ಫ್ರೆಂಚು ಕಲಿಸಿದಳು. ನೀಲತ್ತಿಗೆ ಬರೆದಿಟ್ಟುಕೊಂಡು ಓದಲು ಪುರಸೊತ್ತೆಲ್ಲಿ? ಮೇಡಮ್ಮ ಹೇಳಿಕೊಟ್ಟ ಕ್ರಿಯಾಪದಗಳನ್ನು ಬೀಸುವ ಹಾಡಿನ ಧಾಟಿಗೆ ಕೂಡಿಸಿಕೊಂಡಳು. ಜೋಳ ಸುರಿಯುತ್ತ, ಗೂಟ ತಿರುಗಿಸುತ್ತ, ನಾನು ನೀನು ಅವಳು ಎಂದು ಸುತ್ತು ಹಾಕುತ್ತಿದ್ದಳು. ಹಿಟ್ಟು ಮೆತ್ತಿದ ಹುಬ್ಬಿನ ಕೆಳಗೆ ಅವಳ ಕಣ್ಣು ಹೊಳೆಯುತ್ತಿದ್ದುದನ್ನು ನಾನು ಮತ್ತೆ ಯಾವ ಹೆಣ್ಣಿನ ಮುಖದಲ್ಲೂ ಕಾಣಲಿಲ್ಲ.

ಗಿರಣಿಯ ಕೆಲಸ ಮುಗಿದು ಮೇಡಮ್ಮ ಹೈದರಾಬಾದಿಗೆ ಹೊರಡಲು ಸಿದ್ಧವಾದಳು. ಅಲ್ಲಿ ಹೆಣ್ಣುಮಕ್ಕಳಿಗೆ ಒಂದು ಸಣ್ಣ ಶಾಲೆ ತೆಗೆಯುವವಳಿದ್ದಳು. ಕಸೂತಿ ಕಲಿಸಲು ನೀಲತ್ತಿಯನ್ನು ಕಳಿಸಿಕೊಡಿ, ಎರಡು ವರ್ಷ ಸಾಕು, ಓದು ನಾನು ಮುಂದುವರಿಸುತ್ತೇನೆ ಎಂದು ಮುತ್ಯಾನ ಎದುರು ಕೈಮುಗಿದು ಕೇಳಿದಳು. ಮುತ್ಯಾ ತನ್ನದೇನೂ ತಕರಾರಿಲ್ಲ, ಆದರೆ ಹುಡುಗಿ ಈಗ ಬೀಗರ ಸೊತ್ತು, ಅವರು ಹೂಂ ಅನ್ನಬೇಕು ಅಂದ. ಅಂದಿನಿಂದ ನೀಲತ್ತಿಗೆ ಹೈದರಾಬಾದಿನದೇ ಧ್ಯಾನ. ರಾತ್ರಿ ಮಾಳಿಗೆಯ ಮೇಲೆ, ಇನ್ನೂ ಚಿಕ್ಕವಳಾಗಿದ್ದ ನನ್ನನ್ನು ತಬ್ಬಿಕೊಂಡು ಅದನ್ನೇ ಹೇಳುತ್ತಿದ್ದಳು. ಆ ವಾರ ಹೊಸ ಪಾಠ ಬಂದಿತ್ತು. ಆಗಬಹುದಿತ್ತು, ಆದರೆ ಆಗಲಿಲ್ಲ ಅನ್ನುವುದಕ್ಕೇ ಫ್ರೆಂಚರು ಒಂದು ಬೇರೆ ರೂಪ ಇಟ್ಟುಕೊಂಡಿದ್ದಾರಂತೆ. 'ಹೋಗು' ಎಂಬುದನ್ನು ಆ ರೂಪದಲ್ಲಿ ಸುತ್ತು ಹಾಕಿ ತೋರಿಸಿದಳು. ಜ ಸರೇ ಅಲೇ, ತು ಸರೇ ಅಲೇ, ಎಲ್ ಸರೇ ಅಲೇ. ನಾನೂ ಕಲಿತುಬಿಟ್ಟೆ.

ಕಮಲಾಪುರದಿಂದ ಬೀಗತಿ ಬಂಡಿಯಲ್ಲಿ ಬುಟ್ಟಿ ತುಂಬ ಕೆಂಪು ಬಾಳೆಹಣ್ಣು ಹೇರಿಕೊಂಡು ಬಂದಳು. ಬೀಗರು ಬಂದಾಗ ಹೆಣ್ಣು ತಾನು ಕಲಿತದ್ದನ್ನು ಹಾಡಿ ತೋರಿಸುವುದು ನಮ್ಮಲ್ಲಿ ನಡೆದುಬಂದ ರೀತಿ. ಮಗಳ ಓದು ಕೇಳಿದರೆ ಬೀಗತಿ ಹಿಗ್ಗಿ ತಾನೇ ಹೈದರಾಬಾದಿಗೆ ಒಪ್ಪುತ್ತಾಳೆ ಎಂದು ನಮ್ಮ ಆಯಿ, ಅಂದರೆ ನೀಲತ್ತಿಯ ತಾಯಿ, ಲೆಕ್ಕ ಹಾಕಿದಳು. ಆರತಿ ಆಯಿತು, ಕುಂಕುಮ ಹಚ್ಚಿದ್ದಾಯಿತು. ಹೊಸದು ಯಾವುದಿದೆ ಅದನ್ನೇ ಅನ್ನು ಎಂದು ಆಯಿ ಮಗಳಿಗೆ ಸನ್ನೆ ಮಾಡಿದಳು. ನೀಲತ್ತಿ ತಲೆ ಮೇಲೆ ಸೆರಗು ಹೊದ್ದು, ಬೀಸುವ ಧಾಟಿಯಲ್ಲಿ ಚೆಂದವಾಗಿ ಹಾಡಿದಳು. ಬೀಗತಿ ಮೆಚ್ಚಿದಳು, ನಿಜಕ್ಕೂ ಮೆಚ್ಚಿದಳು. ಅರ್ಥವೇನು ಎಂದು ಕೇಳಿದಳು. ನೀಲತ್ತಿಗೆ ಸುಳ್ಳು ಹೇಳಬೇಕು ಅಂತ ಹೊಳೆಯಲೇ ಇಲ್ಲ. ಹೋಗಿರ್ತಿದ್ದೆ, ಹೋಗಿರ್ತಿದ್ದಿ, ಹೋಗಿರ್ತಿದ್ದಳು ಎಂದು ಹೆಮ್ಮೆಯಿಂದ ಒಂದೊಂದಾಗಿ ಬಿಡಿಸಿದಳು.

ನಮ್ಮಲ್ಲಿ ಹೊಸ್ತಿಲು ದಾಟುವವರು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ. ಆರತಿಯ ದೀಪ ಇನ್ನೂ ಆರಿರಲಿಲ್ಲ. ಬೀಗತಿ ತಟ್ಟೆಯನ್ನು ದೂರ ಸರಿಸಿದಳು.

"ಇನ್ನಾ ನಮ್ಮ ಹೊಸ್ತಿಲ ತುಳಿದಿಲ್ಲ, ಹೋಗೋ ಹಾಡು ಕಲ್ತು ಕುಂತಾಳ."

"ಯಾರೂ ಹೋಗಿಲ್ರೀ ಅತ್ತಿ," ಅಂದಳು ನೀಲತ್ತಿ. "ಹೋಗಿಲ್ಲ ಅಂತನೇ ಅದರ ಅರ್ಥ."

ಅದನ್ನು ಕೇಳಿಸಿಕೊಳ್ಳುವವರು ಯಾರಿದ್ದರು? ಬರುವ ಸೋಮವಾರ ಬಂಡಿ ಕಳಿಸುತ್ತೇವೆ, ಹುಡುಗಿಯನ್ನು ತಯಾರು ಮಾಡಿ ಎಂದಳು ಬೀಗತಿ. ಪೇಟೆಯಲ್ಲಿ ನಾಲ್ಕು ಜನರ ವ್ಯಾಜ್ಯ ಬಿಡಿಸುತ್ತಿದ್ದ ಮುತ್ಯಾ ಅಡಿಕೆ ಕತ್ತರಿಸುತ್ತ ತಲೆ ತಗ್ಗಿಸಿ ಕೂತ. ಆಯಿ ಅಳುತ್ತಲೇ ನಮ್ಮ ಕೈಗೆಲ್ಲ ಹಣ್ಣು ಹಂಚಿದಳು. ನೀಲತ್ತಿ ಎದ್ದು ಹೋಗಿ ಜೋಳ ಬೀಸತೊಡಗಿದಳು. ಅಂದು ಅವಳ ಬಾಯಿಂದ ಹಾಡು ಬರಲಿಲ್ಲ, ಬರೀ ಕಲ್ಲಿನ ಸದ್ದು. ಆ ಹಿರಿಯರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ಗೊತ್ತಿದ್ದರೂ.

ಕಮಲಾಪುರದಲ್ಲಿ ಅವಳು ಮಕ್ಕಳನ್ನು ಹೆತ್ತಳು, ತೋಟ ನೋಡಿದಳು, ಬೀಸಿದಳು. ನಾನು ಮೇಡಮ್ಮನ ಮಾತು ತೆಗೆದರೆ ಊಟದ ಮಾತು ತೆಗೆಯುತ್ತಿದ್ದಳು. ಅವಳು ತೀರಿಹೋದ ಮರುವರ್ಷ ಅವಳ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ನನ್ನನ್ನು ಕರೆದರು. ಕೂಸಿಗೆ ನೀಲಮ್ಮ ಎಂದೇ ಹೆಸರಿಟ್ಟರು. ಹೆಂಗಸರೆಲ್ಲ ಹಾಡಿ ಮುಗಿಸಿದ ಮೇಲೆ ನೀಲತ್ತಿಯ ಸೊಸೆ ತೊಟ್ಟಿಲು ತೂಗುತ್ತ ತನ್ನಷ್ಟಕ್ಕೆ ಗುನುಗತೊಡಗಿದಳು. ಜಸರೇ ಅಲೇ, ತುಸರೇ ಅಲೇ. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅದು ಯಾವ ಹಾಡು ಎಂದು ಕೇಳಿದೆ.

"ನಮ್ಮತ್ತಿ ಬೀಸೋ ಮುಂದ ಹಾಡ್ತಿದ್ರು, ಅಕ್ಕಾರ. ಯಾವುದೋ ದೇವರದು ಇರಬೇಕು. ಕೂಸು ಜಲ್ದಿ ಮಲಗ್ತದ."

ನಾನು ಅರ್ಥ ಹೇಳಲಿಲ್ಲ. ಹೊರಡುವಾಗ ಉಡಿ ತುಂಬಿದರು, ಕೈಗೆ ಕೆಂಪು ಬಾಳೆಹಣ್ಣಿನ ಚಿಪ್ಪು ಕೊಟ್ಟರು. ಹಣ್ಣನ್ನು ಕಟ್ಟೆಯ ಮೇಲೆ ಇಟ್ಟು, ಹೊಸ್ತಿಲಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೋಗ್ತೀನಿ ಅಂದೆ. ಸೊಸೆ ಗಾಬರಿಯಾಗಿ ಬರ್ತೀನಿ ಅನ್ರಿ ಅಂತ ಕೈ ಹಿಡಿದುಕೊಂಡಳು. ನಾನು ಅನ್ನಲಿಲ್ಲ. ಆ ಮನೆಯಿಂದ ಒಬ್ಬಳಾದರೂ ಹೋಗಬೇಕಿತ್ತು.