ವಿಷ ತಿನ್ನುವ ಮಣ್ಣು

ದಿಲ್ಲಿಯಲ್ಲಿ ಸಂಶೋಧನೆ ಮಾಡುತ್ತಿದ್ದಾಗ ನನಗೆ ಬೇಕಾಗಿದ್ದ ಬ್ಯಾಕ್ಟೀರಿಯಾ ಒಳ್ಳೆಯ ಮಣ್ಣಿನಲ್ಲಿ ಸಿಗುವಂಥದ್ದಲ್ಲ. ಗಾಜಿಯಾಬಾದಿನ ಆಚೆ, ಬಾಗಿಲು ಮುಚ್ಚಿದ್ದ ಒಂದು ಕೀಟನಾಶಕ ಕಾರ್ಖಾನೆಯ ಹಿಂದೆ ಬಿಳಿ ಪುಡಿಯ ದೊಡ್ಡ ಗುಡ್ಡೆಯಿತ್ತು. ಔಷಧಿ ತಯಾರಿಸಿ ಉಳಿದ ಕಸ ಅದು. ಅದರಡಿಯ ಮಣ್ಣಿನಲ್ಲಿ ಆ ವಿಷವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳಿದ್ದವು. ಅವುಗಳ ಕಿಣ್ವಗಳು ವಿಷದ ಅಣುವಿನಿಂದ ಕ್ಲೋರಿನ್ನನ್ನು ಒಂದೊಂದಾಗಿ ಕಿತ್ತುಹಾಕಿ ಅದರ ಹಲ್ಲು ಮುರಿಯುತ್ತಿದ್ದವು.

ಗುಡ್ಡೆಯ ಪಕ್ಕದಲ್ಲೇ ಒಂದು ಮನೆ. ಬಿಹಾರದಿಂದ ಬಂದ ಗಂಡ ಹೆಂಡತಿ ಅಲ್ಲಿದ್ದರು. ಆತ ಕಟ್ಟಡದ ಕೂಲಿ, ಆಕೆ ಬಸುರಿ. ಅವರ ಕೈಪಂಪಿನ ನೀರಿಗೂ ಪುಡಿಯ ಘಾಟು.

"ಈ ನೀರು ಕುಡೀಬೇಡಿ," ಎಂದು ನನ್ನ ಹರಕು ಹಿಂದಿಯಲ್ಲಿ ಆಕೆಗೆ ಹೇಳಿದೆ.

"ಮತ್ತೆ ಯಾವ ನೀರು ಕುಡೀಲಿ, ದೀದಿ?" ಎಂದಳು.



ನಾವು ಲ್ಯಾಬಿನವರು ಅವರ ಅಂಗಳದ ಒಂದು ಮೂಲೆಯನ್ನು ಪ್ರಯೋಗಕ್ಕೆ ಕೇಳಿದೆವು. ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅಲ್ಲಿನ ಮಣ್ಣಿಗೆ ಬೆರೆಸಿದೆವು. ಮಣ್ಣು ಒಣಗಬಾರದಿತ್ತು, ದೂರದ ಟ್ಯಾಂಕರಿನಿಂದ ತಂದ ನೀರನ್ನು ಆಕೆಯೇ ಚಿಮುಕಿಸುತ್ತಿದ್ದಳು. "ಇದು ಮಣ್ಣನ್ನ ಶುದ್ಧ ಮಾಡುತ್ತೆ," ಎಂದು ನಾನು ಹೇಳಿದ್ದನ್ನು ನೆರೆಯವರಿಗೆಲ್ಲ ಹೇಳಿಕೊಂಡಿದ್ದಳು.

ಚಳಿ ಕಳೆದ ಮೇಲೆ ಫಲಿತಾಂಶ ಬಂತು. ಮೂಲೆಯ ಮಣ್ಣಿನಲ್ಲಿ ವಿಷ ಬಹಳ ಇಳಿದಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಹುಬ್ಬಳ್ಳಿಯ ಗೆಳತಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು: "ಭಾಳ ಛಲೋ ಬಂದೈತಿ ನೋಡ! ನಡಿ, ಆಕಿಗೂ ಹೇಳೋಣು."

ಕರೋಲ್ ಬಾಗಿನಿಂದ ಸಿಹಿ ಕಟ್ಟಿಸಿಕೊಂಡು ಹೋದೆವು. ಆಕೆ ಹೊಸ್ತಿಲಲ್ಲಿ ಕೂತಿದ್ದಳು. ಹೊಟ್ಟೆ ಇಳಿದಿತ್ತು, ಕೈಯಲ್ಲಿ ಮಗುವಿರಲಿಲ್ಲ.

"ಸತ್ತೇ ಹುಟ್ಟಿತು, ದೀದಿ. ಹೀಗೆಲ್ಲ ಆಗುತ್ತೆ ಅಂದ್ರು ಡಾಕ್ಟರು."

ಗೆಳತಿ ಸಿಹಿಯ ಪೊಟ್ಟಣವನ್ನು ಬ್ಯಾಗಿಗೆ ತುರುಕಿದಳು. ಮಣ್ಣು ಸರಿಹೋಯಿತೇ ಎಂದು ಆಕೆಯೇ ಕೇಳಿದಳು. ಹೌದೆಂದೆ.

"ಅಚ್ಛಾ. ಅಲ್ಲೇ ಹೂತಿದ್ದೇವೆ. ಅದಕ್ಕಾದರೂ ಒಳ್ಳೆ ಮಣ್ಣು ಸಿಗಲಿ ಅಂತ."

ಮೂಲೆಯಲ್ಲಿ ನೀರು ಚಿಮುಕಿಸಿದ ಗುರುತು ಇನ್ನೂ ಹಸಿಯಾಗಿತ್ತು. ವಿಷದಿಂದಲೇ ಹೀಗಾಯಿತೆಂದು ಹೇಳಲು ನನ್ನ ಬಳಿ ಪುರಾವೆಯಿರಲಿಲ್ಲ, ಅಲ್ಲವೆನ್ನಲು ಧೈರ್ಯವಿರಲಿಲ್ಲ.

ನನ್ನ ಗೈಡ್ ಪರೀಕ್ಷೆಗೆಂದು ಆ ಮೂಲೆಯಿಂದ ಕೊನೆಯ ಸಲದ ಮಣ್ಣು ತರಲು ಹೇಳಿದರು. ಅಗೆಯಲಾರೆ ಎಂದೆ. ಕಾರಣ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇಡ ಬಿಡಮ್ಮ. ಇರೋದರಲ್ಲೇ ಬರಿ." ಪ್ರಬಂಧವನ್ನು ಹಾಗೇ ಬರೆದೆ, ಅಚ್ಚಾಯಿತು, ಪದವಿಯೂ ಬಂತು.

ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಹೋದೆ. ಮನೆಗೆ ಬೀಗ ಬಿದ್ದಿತ್ತು. ಓಖ್ಲಾದ ಕಡೆ ಎಲ್ಲೋ ಕೆಲಸ ಸಿಕ್ಕಿ ಹೋದರೆಂದು ಪಕ್ಕದವರು ಹೇಳಿದರು. ಗುಡ್ಡೆಯ ಪುಡಿ ಮಳೆನೀರಿನಲ್ಲಿ ಕೊಚ್ಚಿ ಬಂದು ಅಂಗಳದ ತುಂಬ ಬೆಳ್ಳಗೆ ಕೆನೆಗಟ್ಟಿತ್ತು. ಆ ಮೂಲೆ ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ತಿಳಿಯದೆ, ಕಾಲಿಡಲು ಹೆದರಿ, ಹೊರಗೇ ನಿಂತಿದ್ದು ಬಂದೆ.